ಆಗ ನೋಡಿದವರು ಯಾರು?

ನಾನು ಸಾಗರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವನು. ಮದುವೆಮನೆಯಿರಲಿ, ಬಸ್ಸಿರಲಿ, ಅಡಿಕೆ ಸುಲಿಯುವ ಚಪ್ಪರವಿರಲಿ, ಜನ ಕೇಳುವುದು ಒಂದೇ: ‘ಇವತ್ತು ಲ್ಯಾಬಿನಲ್ಲಿ ಜೀವಕೋಶ ಮಾಡಿದರೆ, ಜೀವ ಹೀಗೇ ಹುಟ್ಟಿತು ಅಂತ ಹೇಗೆ ಹೇಳ್ತೀರಿ? ಆಗ ನೋಡಿದವರು ಯಾರು?’

ಹಾಗೆ ಹೇಳಲು ಬರುವುದಿಲ್ಲ. ಸಾಕ್ಷಿ ಅಂತ ಇರುವುದು ಕಲ್ಲು. ನಮ್ಮ ಕುಂಸಿ ಹತ್ತಿರ ಪದರಪದರವಾದ ಸ್ಟ್ರೊಮ್ಯಾಟೊಲೈಟ್‌ಗಳಿವೆ, 250 ಕೋಟಿ ವರ್ಷಕ್ಕೂ ಹಿಂದೆ ಸೂಕ್ಷ್ಮಜೀವಿಗಳು ಕಟ್ಟಿದ್ದು. ಆದರೆ ಅವು ಆಗಲೇ ಪಳಗಿದ ಜೀವಿಗಳು. ಜೀವ ಹೌದೋ ಅಲ್ಲವೋ ಎನ್ನುವ ಮೊದಲ ಘಟ್ಟದ ಗುರುತು ಯಾವ ಕಲ್ಲಿನಲ್ಲೂ ಸಿಕ್ಕಿಲ್ಲ. ಹಾಗಾಗಿ ಮಾಡಿ ನೋಡುತ್ತಾರೆ. ಮಾಡಹೊರಟಾಗ ಕೆಲಸ ಎಲ್ಲಿ ಕೆಡುತ್ತದೆ ಎನ್ನುವುದೇ ನಮಗೆ ಸಿಗುವ ಪಾಠ.

ಪೇಪರಿನಲ್ಲಿ ಬಂದ ‘ಕೃತಕ ಜೀವ’ ಬೇರೆ. ಅಮೆರಿಕದ ಕ್ರೇಗ್ ವೆಂಟರ್ ತಂಡ 2010ರಲ್ಲಿ ತಾನೇ ಜೋಡಿಸಿದ ಡಿಎನ್‌ಎಯನ್ನು ಬ್ಯಾಕ್ಟೀರಿಯಾವೊಂದರೊಳಗೆ ಕೂರಿಸಿತು. 2016ರಲ್ಲಿ ಅದನ್ನು 473 ಜೀನ್‌ಗಳಿಗೆ ಇಳಿಸಿತು; ಅದರಲ್ಲಿ 149ರ ಕೆಲಸವೇನೆಂದು ಆಗ ಅವರಿಗೇ ಗೊತ್ತಿರಲಿಲ್ಲ. ದೊಡ್ಡ ಸಾಧನೆಯೇ. ಆದರೆ ಗೋಡೆ, ಒಲೆ ಎಲ್ಲ ಹಳೆಯ ಜೀವಿಯದೇ.

ನನ್ನ ಮನಸ್ಸಿಗೆ ಹಿಡಿಸಿದ್ದು ಜೀವದ ಹುಟ್ಟನ್ನು ಹುಡುಕುವ ವಿಜ್ಞಾನಿ ಜಾಕ್ ಶೋಸ್ಟಾಕ್ ಅವರಂಥವರು ಹಿಡಿದ ದಾರಿ: ಏನೂ ಇಲ್ಲದಲ್ಲಿಂದ ಶುರು ಮಾಡುವುದು. ಕೊಬ್ಬಿನ ಆಮ್ಲಗಳನ್ನು ಹದವಾದ ನೀರಿಗೆ ಹಾಕಿದರೆ ತಾವಾಗಿಯೇ ಎರಡು ಪದರದ ಪೊರೆಯಾಗಿ, ಸುತ್ತಿಕೊಂಡು ಪುಟ್ಟ ಚೀಲವಾಗುತ್ತವೆ. ನೀರು ಹೆಚ್ಚು ಹುಳಿಯಾದರೆ ಎಣ್ಣೆಹನಿ, ಹೆಚ್ಚು ಕ್ಷಾರವಾದರೆ ಸೋಪುನೀರು. ನಡುವಿನ ಹದದಲ್ಲಿ ಚೀಲ. ಬಯಲುಸೀಮೆಯ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಸೇರಿಸಿದರೆ ಚೀಲಗಳು ಇನ್ನೂ ಬೇಗ ಆಗುತ್ತವೆ ಎಂದು 2003ರಲ್ಲಿ ಆ ತಂಡ ತೋರಿಸಿತು. ಇಂಥ ಚೀಲದೊಳಗೆ ಆರ್‌ಎನ್‌ಎ, ಅಂದರೆ ಡಿಎನ್‌ಎಯಂತೆ ಜೀವದ ಮಾಹಿತಿ ಹೊರುವ ಅಣು, ತನ್ನ ನಕಲು ತೆಗೆದುಕೊಳ್ಳಬೇಕು.

ಕೆಡುವುದು ಇಲ್ಲೇ. ಕಿಣ್ವಗಳ ನೆರವಿಲ್ಲದೆ ನಕಲಾಗಲು ಮೆಗ್ನೀಸಿಯಮ್ ಬೇಕು, ಅದೇ ಮೆಗ್ನೀಸಿಯಮ್ ಚೀಲವನ್ನು ಒಡೆಯುತ್ತದೆ. ದೊಡ್ಡಮ್ಮನಿಗೆ ಇದನ್ನು ಹೇಳಲು ಎರಡು ಬಕೆಟ್ ಇಟ್ಟೆ, ಒಂದರಲ್ಲಿ ಅಬ್ಬಿ ನೀರು, ಇನ್ನೊಂದರಲ್ಲಿ ತೋಟದ ಬೋರ್‌ವೆಲ್ ನೀರು. ಎರಡಕ್ಕೂ ಸೋಪು ಕಲಸಿದೆ. ಅಬ್ಬಿ ನೀರಿನಲ್ಲಿ ಕೈತುಂಬ ನೊರೆ. ಬೋರ್‌ವೆಲ್ ನೀರಿನಲ್ಲಿ ಒಡೆದ ಹಾಲಿನಂತೆ ಬಿಳಿ ಗಷ್ಟು ಬಕೆಟ್ಟಿನ ಅಂಚಿಗೆ ಅಂಟಿಕೊಂಡಿತು. ಗಡಸು ನೀರಿನ ಸುಣ್ಣ, ಮೆಗ್ನೀಸಿಯಮ್ ಸೋಪಿಗೆ ಮಾಡುವುದನ್ನೇ ಆ ಚೀಲಗಳಿಗೂ ಮಾಡುತ್ತವೆ.

2013ರಲ್ಲಿ ಕಟಾರ್ಜಿನಾ ಅದಮಾಲಾ ಮತ್ತು ಶೋಸ್ಟಾಕ್ ಒಂದು ಉಪಾಯ ಕಂಡರು. ಸಿಟ್ರೇಟ್, ಅಂದರೆ ನಿಂಬೆಹಣ್ಣಿನ ಆಮ್ಲದ ಲವಣ, ಮೆಗ್ನೀಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಚೀಲವೂ ಉಳಿಯಿತು, ಒಳಗೆ ನಕಲಿನ ಕೆಲಸವೂ ನಡೆಯಿತು. ಓದಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

‘ಅಲ್ಲೋ ಮಾರಾಯ, ಆಗ ನಿಂಬೆಹಣ್ಣು ಹಿಂಡಿದವರು ಯಾರು?’ ಅಂದರು ದೊಡ್ಡಮ್ಮ.

ಆ ಪ್ರಶ್ನೆಯೇ ವಿಜ್ಞಾನಿಗಳನ್ನೂ ಕಾಡುತ್ತಿದೆ. ಅಷ್ಟು ಸಿಟ್ರೇಟ್ ಆಗಿನ ಭೂಮಿಯಲ್ಲಿ ಎಲ್ಲಿಂದ ಬರಬೇಕು? ಇಲ್ಲವಾದರೆ ಪೊರೆಯೇ ಗಟ್ಟಿಯಿರಬೇಕು. ಕೊಬ್ಬಿನ ಆಮ್ಲಕ್ಕೆ ಅದರದೇ ಗ್ಲಿಸರಾಲ್ ಸಂಯುಕ್ತ ಬೆರೆಸಿದರೆ ಚೀಲ ಮೆಗ್ನೀಸಿಯಮ್ಮನ್ನು ಇನ್ನಷ್ಟು ತಾಳಿಕೊಳ್ಳುತ್ತದೆ. ಅದನ್ನೂ ಮಾಡಿ ನೋಡಿದ್ದಾರೆ.