ಚ್ಯುಂಗ್ ಚೌ: ಬನ್ನಿನ ಬೆಟ್ಟಗಳ ಹಬ್ಬಕ್ಕೆ ಹೋಗುವುದಾದರೆ

ಹಾಂಗ್‌ಕಾಂಗ್‌ನ ಸೆಂಟ್ರಲ್‌ನಲ್ಲಿ 5ನೇ ನಂಬರಿನ ಜೆಟ್ಟಿಯಿಂದ ಚ್ಯುಂಗ್ ಚೌ ದ್ವೀಪಕ್ಕೆ ಫೆರ್ರಿ ಹೊರಡುತ್ತದೆ. ವೇಗದ್ದಕ್ಕೆ ಮುಕ್ಕಾಲು ಗಂಟೆಯೂ ಬೇಡ, ಸಾಮಾನ್ಯದ್ದಕ್ಕೆ ಒಂದು ಗಂಟೆ. ಚೀನೀ ಪಂಚಾಂಗದ ನಾಲ್ಕನೇ ತಿಂಗಳ ಎಂಟನೇ ದಿನ, ಅಂದರೆ ಹಬ್ಬದ ದಿನ ಮಾತ್ರ, ಸಾಲಿನಲ್ಲಿ ನಿಲ್ಲುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಬೆಳಗಿನ ಫೆರ್ರಿ ಹಿಡಿಯುವುದೇ ಸರಿ. 2026ರಲ್ಲಿ ಆ ದಿನ ಮೇ 24ಕ್ಕೆ, 2027ರಲ್ಲಿ ಮೇ 13ಕ್ಕೆ ಬೀಳುತ್ತದೆ. ಅಲ್ಲಿ ಅದೇ ಬುದ್ಧನ ಹುಟ್ಟುಹಬ್ಬ. ಆದರೆ ನಮ್ಮ ಕ್ಯಾಲೆಂಡರಿನ ಬುದ್ಧ ಪೂರ್ಣಿಮೆ ನೋಡಿ ಟಿಕೆಟ್ ಮಾಡಿಸಿದರೆ ಕೆಟ್ಟಿರಿ: 2026ರಲ್ಲಿ ಅದು ಮೇ 1ಕ್ಕೇ ಬರುತ್ತದೆ, 2027ರಲ್ಲಿ ಹಬ್ಬ ಕಳೆದು ವಾರಕ್ಕೆ. ಅವರ ಪಂಚಾಂಗದಲ್ಲೂ ಅಧಿಕ ಮಾಸವುಂಟು, ನಮಗೆ ಬಂದ ವರ್ಷವೇ ಅವರಿಗೂ ಬರಬೇಕೆಂದಿಲ್ಲ. ಭಾರತೀಯ ಪಾಸ್‌ಪೋರ್ಟಿನವರು ಹೊರಡುವ ಮುನ್ನ ಆನ್‌ಲೈನ್ ನೋಂದಣಿ ಮಾಡಿಸಿ ಅದರ ಪ್ರತಿ ಇಟ್ಟುಕೊಂಡಿರಬೇಕು.

ದ್ವೀಪದಲ್ಲಿ ಕಾರುಗಳಿಲ್ಲ. ಜೆಟ್ಟಿಯಿಂದ ಎಡಕ್ಕೆ, ದಂಡೆ ಹಿಡಿದು ನಡೆದರೆ ಪಾಕ್ ಟಾಯ್ ಗುಡಿ. 1783ರಲ್ಲಿ ಕಟ್ಟಿದ್ದು. ಉತ್ತರ ದಿಕ್ಕಿನ ಈ ದೇವರ ಕಾಲಡಿಯಲ್ಲಿ ಆಮೆ ಮತ್ತು ಹಾವು. ಊರಿಗೆ ಪಿಡುಗು ಬಡಿದಾಗ ಈ ಮೂರ್ತಿಯನ್ನು ಬೀದಿ ಬೀದಿ ಮೆರೆಸಿದರು, ಪಿಡುಗು ಇಳಿಯಿತು, ಹಬ್ಬ ಶುರುವಾದದ್ದು ಹಾಗೆ ಎಂಬುದು ಸ್ಥಳೀಯರ ನಂಬಿಕೆ. ಕಡಲ್ಗಳ್ಳರ ಕೈಯಲ್ಲಿ ಸತ್ತವರ ಆತ್ಮಗಳ ಶಾಂತಿಗೆ ಎನ್ನುವವರೂ ಇದ್ದಾರೆ. ಹೇಗೇ ಇರಲಿ, ಇದು ಮೂಲದಲ್ಲಿ ದಿಕ್ಕಿಲ್ಲದ ಪ್ರೇತಗಳಿಗೆ ಎಡೆ ಇಡುವ ಹಬ್ಬ. ಟಿವಿಯಲ್ಲಿ ಕಾಣುವ, ಬನ್ನಿನ ಗೋಪುರ ಹತ್ತುವ ಸ್ಪರ್ಧೆ ಅದರ ಬಾಲ ಅಷ್ಟೇ.

ಗುಡಿಯ ಮುಂದಿನ ಮೈದಾನದಲ್ಲಿ ಬಿದಿರಿನ ಚೌಕಟ್ಟಿಗೆ ಬನ್ ಹೊದಿಸಿದ ಮೂರು ದೊಡ್ಡ ಬೆಟ್ಟಗಳಿರುತ್ತವೆ. ಪಕ್ಕದ ಚಪ್ಪರದಲ್ಲಿ ಕಾಗದದ ಮೂರು ಭಾರೀ ಮೂರ್ತಿಗಳು: ಭೂದೇವ, ಬೆಟ್ಟದ ದೇವ, ಮತ್ತು ಪ್ರೇತಗಳನ್ನು ಹದ್ದುಬಸ್ತಿನಲ್ಲಿಡುವ ದಾಯ್ ಸಿ ವಾಂಗ್. ಮೂರು ದಿನ ದ್ವೀಪದಲ್ಲಿ ಮಾಂಸ ವರ್ಜ್ಯ. ಮೆಕ್‌ಡೊನಾಲ್ಡ್ಸ್ ಕೂಡ ಅಣಬೆ ಬರ್ಗರ್ ಮಾರುತ್ತದೆ. ಉಳಿದ ದಿನಗಳಲ್ಲಿ ಮೀನು, ಸಿಗಡಿಗಳದೇ ರಾಜ್ಯವಾದ ಊರಿನಲ್ಲಿ ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಆವಿಯಲ್ಲಿ ಬೇಯಿಸಿದ ಬಿಳಿ ಪಿಂಗ್ ಓನ್ ಬನ್ನಿನ ಮೇಲೆ ಶಾಂತಿ-ಕ್ಷೇಮದ ಎರಡು ಅಕ್ಷರಗಳ ಕೆಂಪು ಮುದ್ರೆ, ಒಳಗೆ ಎಳ್ಳು, ಕಮಲದ ಬೀಜ ಇಲ್ಲವೇ ಕೆಂಪು ಕಾಳಿನ ಸಿಹಿ ಹೂರಣ. ಬಿಸಿಯಿದ್ದಾಗಲೇ ತಿನ್ನಬೇಕು, ಆರಿದರೆ ಸಿಪ್ಪೆ ಬಿರುಸಾಗುತ್ತದೆ, ಮತ್ತೆ ಕೆಲವು ನಿಮಿಷ ಆವಿಗೆ ಇಟ್ಟರೆ ಮೆತ್ತಗಾದೀತು. ಹಬ್ಬದ ಹೊರತಾದ ದಿನಗಳಲ್ಲಿ ಚೀನೀ ಬೇಕರಿಗಳ ಹೂರಣದಲ್ಲಿ ಹಂದಿಕೊಬ್ಬು ಇರುವುದುಂಟು, ಕೇಳಿಯೇ ಕೊಳ್ಳಿ.

ಮಧ್ಯಾಹ್ನ ಎರಡರ ಹೊತ್ತಿಗೆ ಪಿಯು ಸಿಕ್ ಮೆರವಣಿಗೆ. ವೇಷ ಹಾಕಿದ ಪುಟ್ಟ ಮಕ್ಕಳು ಜನರ ತಲೆಯ ಮೇಲೆ ಗಾಳಿಯಲ್ಲಿ ತೇಲಿದಂತೆ ಸಾಗುತ್ತಾರೆ, ಒಬ್ಬಳು ಬೀಸಣಿಗೆಯ ಅಂಚಿನ ಮೇಲೆ, ಇನ್ನೊಬ್ಬ ಕತ್ತಿಯ ಮೊನೆಯ ಮೇಲೆ. ಗುಟ್ಟು ಬಟ್ಟೆಯೊಳಗಿದೆ. ಮಗುವಿನ ಅಳತೆಗೆ ಬಗ್ಗಿಸಿದ ಕಬ್ಬಿಣದ ಸರಳು, ಅದಕ್ಕೆ ಪುಟ್ಟ ಆಸನ. ಮಗು ಅಲ್ಲಿ ಕೂತಿರುತ್ತದೆ, ಹೊರಗೆ ಕಾಣುವ ಕಾಲು ಸುಳ್ಳಿನದು. ಪೌರಾಣಿಕ ವೇಷಗಳ ನಡುವೆ ಆ ವರ್ಷ ಸುದ್ದಿಯಲ್ಲಿದ್ದವರ ವೇಷವೂ ನುಸುಳುತ್ತದೆ, ನೆರೆದವರಿಗೆ ಅದೇ ಹೆಚ್ಚು ಇಷ್ಟ. ಮೇ ತಿಂಗಳ ಸೆಖೆಗೆ ಮಕ್ಕಳು ಸುಸ್ತಾಗುತ್ತಾರೆ. ಜೊತೆಯವರು ಕೊಡೆ, ನೀರು, ಬೀಸಣಿಗೆ ಹಿಡಿದೇ ನಡೆಯುವುದು ಅದಕ್ಕೆ. ನೋಡಲು ಬಂದವರಿಗೂ ಇವೆಲ್ಲ ಬೇಕು. ಪಾಕ್ ಶೆ ಬೀದಿಯಂಥ ಇಕ್ಕಟ್ಟಿನ ಕಡೆ ವೇಷ ಹತ್ತಿರದಿಂದ ಕಾಣುತ್ತದೆ, ಆದರೆ ಜನ ತುಂಬಿದ ಮೇಲೆ ಅಲ್ಲಿಂದ ಹೊರಬರಲಾಗದು. ಕೊನೆಗೆ ದೇವರುಗಳ ಪಲ್ಲಕ್ಕಿ ಹೊತ್ತವರು ಗುಡಿಯ ಕಡೆಗೆ ಓಡುತ್ತಾರೆ. ಇದನ್ನು ತಪ್ಪಿಸಿಕೊಳ್ಳುವವರೇ ಹೆಚ್ಚು, ಅಷ್ಟರಲ್ಲಿ ಎಲ್ಲರೂ ತಂಪು ಪಾನೀಯದ ಅಂಗಡಿಯಲ್ಲಿರುತ್ತಾರೆ.

ರಾತ್ರಿ ದಾಯ್ ಸಿ ವಾಂಗ್‌ನನ್ನು ಸುಡುತ್ತಾರೆ. ಅಲ್ಲಿಗೆ ಪ್ರೇತಗಳ ಭೇಟಿ ಮುಗಿಯಿತು. ಹಾರುವ ಕಾಗದದ ಕಿಡಿಯಿಂದ ದೂರ, ಗಾಳಿ ಬೀಸಿ ಬರುವ ಕಡೆಗೆ ನಿಲ್ಲಿ.

ಮಧ್ಯರಾತ್ರಿ ಸ್ಪರ್ಧೆ. ಹಿಂದೆ ಯುವಕರು ನೇರ ಆ ಬನ್ನಿನ ಬೆಟ್ಟಗಳನ್ನೇ ಹತ್ತುತ್ತಿದ್ದರು. 1978ರಲ್ಲಿ ಗೋಪುರ ಕುಸಿದು 20ಕ್ಕೂ ಹೆಚ್ಚು ಜನ ಗಾಯಗೊಂಡ ಮೇಲೆ ನಿಂತುಹೋಯಿತು. 2005ರಲ್ಲಿ ಮರಳಿ ಬಂತು, ಈ ಬಾರಿ ಉಕ್ಕಿನ ಚೌಕಟ್ಟಿನ 14 ಮೀಟರ್ ಗೋಪುರ, ಸೊಂಟಕ್ಕೆ ಹಗ್ಗ, ಪೂರ್ವ ತರಬೇತಿಯೊಂದಿಗೆ. ಅಂತಿಮ ಸುತ್ತಿಗೆ 12 ಜನ, ಸಮಯ ಮೂರು ನಿಮಿಷ. ತುದಿಯ ಬನ್ನಿಗೆ 9 ಅಂಕ, ನಡುವಿನದಕ್ಕೆ 3, ಕೆಳಗಿನದಕ್ಕೆ 1. ಹಾಗಾಗಿ ಕೆಳಗೆ ಕೈ ಹಾಕುತ್ತ ನಿಂತವರು ಸೋಲುತ್ತಾರೆ, ಗೆಲ್ಲುವವರು ಮೊದಲು ತುದಿಗೆ ಏರಿ ಅಲ್ಲಿ ಚೀಲ ತುಂಬುತ್ತಾರೆ. ಈ ಗೋಪುರದ ಬನ್ನುಗಳು ಈಗ ಪ್ಲಾಸ್ಟಿಕ್ಕಿನವು.

ತಿನ್ನುವ ಪ್ರಸಾದ ಬೇಕಿದ್ದವರು ದ್ವೀಪದಲ್ಲೇ ರಾತ್ರಿ ತಂಗಬೇಕು. ಬಿದಿರು ಬೆಟ್ಟಗಳ ಬನ್ ಹಂಚುವುದು ಮಾರನೆಯ ಬೆಳಿಗ್ಗೆ, ಸಾಲು ಬೇಗ ಬೆಳೆಯುತ್ತದೆ. ರೂಮುಗಳು ತಿಂಗಳುಗಳ ಮುಂಚೆಯೇ ಭರ್ತಿಯಾಗಿರುತ್ತವೆ. ಸ್ಪರ್ಧೆ ನೋಡಿ ಅಂದೇ ಮರಳುವವರಿಗೆ ಹೆಚ್ಚುವರಿ ಫೆರ್ರಿಗಳಿರುತ್ತವೆ.