ಅಮ್ಮನ ಬೆನ್ನು, ಜೀಪಿನ ಬ್ಲೇಡು

"ನಾನು ಬಸ್ಸಲ್ಲೇ ಬರ್ತೀನಿ ಕಣಪ್ಪ. ನೀನು ಜೀಪ್ ತಗೊಂಡು ಹಿಂದೆ ಬಾ."

ಹೋದ ವರ್ಷ ಕಾಫಿ ಕೊಯ್ಲು ನಡೆಯುತ್ತಿದ್ದಾಗ ಅಮ್ಮ ಹೇಳಿದ ಮಾತಿದು. ಬೆನ್ನು ತೋರಿಸಲು ಅವರನ್ನು ತಿಂಗಳಿಗೊಮ್ಮೆ ಹಾಸನಕ್ಕೆ ಕರೆದುಕೊಂಡು ಹೋಗಬೇಕು. ನಮ್ಮ ತೋಟ ಹಾನುಬಾಳಿನ ಕಡೆ. ಸಕಲೇಶಪುರ ದಾಟಿದ ಮೇಲೆ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಅದೂ ಹೆದ್ದಾರಿ. ಆದರೂ ಅಮ್ಮ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಮುಂದಿನ ಕಂಬಿ ಹಿಡಿದು, ಇನ್ನೊಂದು ಕೈ ಸೊಂಟಕ್ಕೆ ಕೊಟ್ಟುಕೊಂಡೇ ಕೂತಿರುತ್ತಿದ್ದರು. ಒಂದು ದಿನವೂ ನೋವು ಅಂದವರಲ್ಲ. ಅವತ್ತು ಅಂದುಬಿಟ್ಟರು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದು ಹಳೇ ಫೋರ್ ವೀಲ್ ಜೀಪು. ನಾಲ್ಕೂ ಕಡೆ ಬ್ಲೇಡು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಚಕ್ರದ ಜಾಡು ಮೊಣಕಾಲುದ್ದ ಇಳಿದುಬಿಡುತ್ತದೆ. ಎರಡು ಚಕ್ರದ ನಡುವಿನ ಅಚ್ಚಿನ ಕವಚ, ಅಂದರೆ ಹೌಸಿಂಗ್, ನೆಲಕ್ಕೆ ಉಜ್ಜಿ ಗಾಡಿ ಅಲ್ಲೇ ಕೂರುತ್ತಿತ್ತು. ಅದಕ್ಕೇ ಮೂರು ವರ್ಷದ ಕೆಳಗೆ ಒಂದು ಗ್ಯಾರೇಜಿನಲ್ಲಿ ನಾಲ್ಕು ಇಂಚು ಎತ್ತರ ಮಾಡಿಸಿದ್ದೆ. ಹಿಂದೆ ಒಂದೊಂದು ಕಡೆಗೂ ಎರಡು ದಪ್ಪ ಬ್ಲೇಡು, ಮುಂದೆ ಒಂದೊಂದು. ಜೊತೆಗೆ 31 ಇಂಚಿನ ಮಡ್ ಟೈರು. ಕೆಸರಲ್ಲಿ ಜೀಪು ಹೋಗುವ ಚಂದ ನೋಡಬೇಕಿತ್ತು. ಟಾರು ರಸ್ತೆಗೆ ಬಂದರೆ ಮಾತ್ರ ಖಾಲಿ ಲಾರಿ ಓಡಿಸಿದ ಹಾಗೆ. ಸಣ್ಣ ಹಳ್ಳಕ್ಕೂ ಬೆನ್ನುಮೂಳೆಗೆ ಏಟು. ಕೇಳಿದವರೆಲ್ಲ "ಜೀಪಂದ್ರೆ ಹಂಗೇ ಅಲ್ವಾ" ಅಂದರು. ಆ ಮಾತನ್ನು ನಾನೂ ಮೂರು ವರ್ಷ ನಂಬಿಕೊಂಡಿದ್ದೆ.

ಮೊದಲು ಶಾಕ್ ಅಬ್ಸಾರ್ಬರ್ ಬದಲಿಸಿದೆ. 22,000 ರೂಪಾಯಿ ಕೊಟ್ಟು ಗ್ಯಾಸ್ ಶಾಕ್ ಹಾಕಿಸಿದೆ. ಸ್ವಲ್ಪವೂ ಸುಖ ಸಿಗಲಿಲ್ಲ, ಕುಲುಕು ಇನ್ನೂ ಜಾಸ್ತಿ ಆಯಿತೇ ಹೊರತು. ಈಗ ಯೋಚಿಸಿದರೆ ಕಾರಣ ಸರಳ. ಭಾರ ಹೊರುವುದು ಬ್ಲೇಡು. ಅದು ಮೇಲೆ ಕೆಳಗೆ ಆಡುವಾಗ ಆ ಆಟಕ್ಕೆ ಲಗಾಮು ಹಾಕುವುದಷ್ಟೇ ಶಾಕಿನ ಕೆಲಸ. ಆಡದೇ ಇರುವ ಬ್ಲೇಡಿಗೆ ಎಂಥ ಶಾಕ್ ಹಾಕಿ ಏನು ಪ್ರಯೋಜನ?

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಸನದ ಒಂದು ಬ್ಲೇಡ್ ಸೆಟ್ಟಿಂಗ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿದೆ. ಲಾರಿ, ಟ್ರ್ಯಾಕ್ಟರ್ ಟ್ರೇಲರ್‌ಗಳ ನಡುವೆ ನಮ್ಮ ಜೀಪು ಮಗುವಿನ ಹಾಗಿತ್ತು. ಅರವತ್ತು ದಾಟಿದ ಮೇಸ್ತ್ರಿ ಬಂದರು. ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. ಹಿಂದಿನ ಬಂಪರ್ ಹತ್ತಿ ಎರಡು ಸಲ ಜೋರಾಗಿ ಕುಪ್ಪಳಿಸಿದರು. ಜೀಪು ಅಲುಗಲಿಲ್ಲ.

"ಇದ್ರಲ್ಲಿ ಸ್ಪ್ರಿಂಗೇ ಇಲ್ವಲ್ಲ ಸಾರ್. ತೊಲೆ ಇಟ್ಟಂಗೈತೆ."

ಬ್ಲೇಡನ್ನು ಹೌಸಿಂಗಿಗೆ ಬಿಗಿದ ಯು ಬೋಲ್ಟ್ ಬಿಚ್ಚಿ, ಪಟ್ಟಿಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟ್ ತೆಗೆದು ಕಟ್ಟು ಬಿಡಿಸಿದರೂ ಬ್ಲೇಡುಗಳು ಬಿಡಲೊಲ್ಲವು. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತಿಗೆಯಿಂದ ಬಡಿದಾಗ ಅರಿಶಿನ ಬೆರೆತ ಕೆಂಪು ಪುಡಿ ಬುರಬುರ ಉದುರಿತು. ಮೇಸ್ತ್ರಿ ಎಲ್ಲಕ್ಕೂ ಮೇಲಿನ ಮೇನ್ ಬ್ಲೇಡನ್ನು ಮಗುಚಿ ಬೆಳಕಿಗೆ ಹಿಡಿದರು. ಅದರ ಕೆಳಮೈಯಲ್ಲಿ ಎರಡೂ ಕಡೆ ಉಗುರಿನಿಂದ ಗೀರಿದ ಹಾಗೆ ಒಂದೊಂದು ಅಡ್ಡ ಗಾಯ. ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದರು. ಉಗುರು ಸಿಕ್ಕಿಕೊಂಡಿತು. ಕೆಳಗಿನ ಬ್ಲೇಡಿನ ಚೂಪು ತುದಿ ಕೊರೆದು ಮಾಡಿದ ಕಚ್ಚು ಅದು. ಬ್ಲೇಡು ಬಗ್ಗುವಾಗ ಒಂದರ ಮೇಲೊಂದು ಜಾರಬೇಕು. ಇಲ್ಲಿ ತುದಿ ಕಚ್ಚಿನಲ್ಲಿ ಸಿಕ್ಕಿಕೊಂಡು ಜಾರದೆ ನಿಂತಿತ್ತು. ದೊಡ್ಡ ಹಳ್ಳಕ್ಕೆ ಬಿದ್ದಾಗ ಹೇಗೋ ಬಗ್ಗುತ್ತದೆ. ಸಣ್ಣಪುಟ್ಟ ಏರುತಗ್ಗು ಪೂರ್ತಿ ಸೀಟಿಗೇ ಬರುತ್ತದೆ. ಅಮ್ಮನ ಬೆನ್ನಿಗೆ ಕುಟ್ಟುತ್ತಿದ್ದದ್ದು ಈ ಕಚ್ಚು.

ಆಮೇಲೆ ದಪ್ಪದ ವಿಷಯ. ಗಾಡಿಯ ಮೊದಲಿನ ಬ್ಲೇಡು 6 ಮಿಲಿಮೀಟರ್, ಎತ್ತರಕ್ಕೆಂದು ಸೇರಿಸಿದ್ದು 9. ಬರೀ ಮೂರು ಮಿಲಿಮೀಟರ್ ತಾನೇ ಅನ್ನಿಸುತ್ತದೆ. ಆದರೆ ಉದ್ದ, ಅಗಲ ಒಂದೇ ಇದ್ದಾಗ ದಪ್ಪ ಎರಡು ಪಟ್ಟಾದರೆ ಬ್ಲೇಡಿನ ಬಿಗಿ ಎಂಟು ಪಟ್ಟಾಗುತ್ತದೆ. ಒಂದೂವರೆ ಪಟ್ಟಾದರೂ ಮೂರು ಪಟ್ಟಿಗಿಂತ ಜಾಸ್ತಿ. ಅಂದರೆ ಒಂದು ದಪ್ಪ ಬ್ಲೇಡು ಹಾಕಿದ್ದು ಮೂರು ಬ್ಲೇಡು ಹಾಕಿದ್ದಕ್ಕಿಂತ ಹೆಚ್ಚು. ಹತ್ತು ಮೂಟೆ ಗೊಬ್ಬರ ಹೇರಿದ ದಿನ ಜೀಪು ಯಾಕೆ ಅಷ್ಟು ಮೆತ್ತಗೆ ಓಡುತ್ತಿತ್ತು ಅಂತ ಆಗ ಅರ್ಥವಾಯಿತು.

"ದಪ್ಪದ್ದು ತೆಗೆದುಬಿಡಿ ಮೇಸ್ತ್ರಿ. ಆದ್ರೆ ತೋಟದಲ್ಲಿ ಗಾಡಿ ಕೂರಬಾರದು" ಅಂದೆ. ಅವರು ಹಳೇ ಬ್ಲೇಡುಗಳಿಗೇ ಕಮಾನು ಏರಿಸಲು ನಿಂತರು. ಬೆಂಕಿಗೆ ಹಾಕಲಿಲ್ಲ. ಕೆಂಪಗೆ ಕಾಯಿಸಿದರೆ ಬ್ಲೇಡಿನ ಹದ ಹೋಗಿ ಎರಡೇ ತಿಂಗಳಲ್ಲಿ ಚಪ್ಪಟೆಯಾಗುತ್ತದಂತೆ. ತಣ್ಣಗಿದ್ದ ಹಾಗೆಯೇ ಅಡಿಗಲ್ಲಿನ ಮೇಲಿಟ್ಟು, ಒಂದೊಂದು ಬೆರಳು ದೂರ ಸರಿಸುತ್ತಾ ಬಡಿದರು. ಹುಡುಗ ಬ್ಲೇಡು ಹಿಡಿಯುವುದು, ಇವರು ಬಡಿಯುವುದು. ನಡುನಡುವೆ ಒಂದು ಕಣ್ಣು ಮುಚ್ಚಿ ಬಾಗು ನೋಡುವುದು. ಎರಡು ಗಂಟೆ ನಾನು ಕೂತಲ್ಲಿಂದ ಏಳಲಿಲ್ಲ. ಇಂಥ ಕೈಗಳಿಗೆ ನಾವು ಕೊಡುವ ಕೂಲಿ ಬಹಳ ಕಮ್ಮಿ.

ತುದಿಗಳನ್ನು ಗ್ರೈಂಡರಿನಲ್ಲಿ ಉಜ್ಜಿ ದುಂಡಗೆ ಮಾಡಿದರು. ಮೇನ್ ಬ್ಲೇಡಿನ ಕಚ್ಚನ್ನೂ ನುಣ್ಣಗೆ ತೀಡಿದರು. ಎಲ್ಲಕ್ಕೂ ತಂತಿ ಬ್ರಷ್ ಹೊಡೆದು, ಕರೀ ಗ್ರಾಫೈಟ್ ಗ್ರೀಸು ಬಳಿದು ಕಟ್ಟು ಕೂಡಿಸಿದರು. ಮುಂದಿನವಕ್ಕೂ ಇದೇ ಉಪಚಾರ.

ಜೋಡಿಸುವಾಗ ಒಂದು ವಿಷಯ ಕಲಿತೆ. ಎಲ್ಲ ಗ್ಯಾರೇಜಿನವರಿಗೂ ಕೂಗಿ ಹೇಳಬೇಕು ಅನ್ನಿಸುವ ವಿಷಯ. ಜಾಕಿ ಮೇಲೆ ಗಾಡಿ ನಿಂತು ಚಕ್ರ ನೇತಾಡುತ್ತಿರುವಾಗ ಬ್ಲೇಡಿನ ತುದಿಯ ಕಣ್ಣಿನೊಳಗಿನ ರಬ್ಬರ್ ಕೊಳವೆ, ಅಂದರೆ ಬುಷ್, ಅದರ ಬೋಲ್ಟುಗಳನ್ನು ಪೂರ್ತಿ ಬಿಗಿಯಬಾರದು. ರಬ್ಬರ್ ಬುಷ್ ಅದೇ ಸ್ಥಿತಿಯಲ್ಲಿ ಕಚ್ಚಿಕೊಂಡುಬಿಡುತ್ತದೆ. ಗಾಡಿ ಇಳಿಸಿದ ಕೂಡಲೇ ತಿರುಚಿ ನಿಲ್ಲುತ್ತದೆ. ಆಮೇಲೆ ಅದು ಬ್ಲೇಡನ್ನೂ ಆಡಲು ಬಿಡುವುದಿಲ್ಲ, ತಾನೂ ಬೇಗ ಹರಿಯುತ್ತದೆ. ಮೇಸ್ತ್ರಿ ಎಲ್ಲವನ್ನೂ ಸಡಿಲ ಇಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಹೆಜ್ಜೆ ಹಿಂದೆ ಮುಂದೆ ತಳ್ಳಿಸಿ, ಆಮೇಲೆ ಕೆಳಗೆ ಮಲಗಿ ಬಿಗಿದರು.

ಎತ್ತರ ನಾಲ್ಕು ಇಂಚಿನಿಂದ ಎರಡಕ್ಕೆ ಇಳಿದಿತ್ತು. ಅದರಿಂದ ಎರಡು ಲಾಭ. ಒಂದು, ಮುಂಚೆ ಕಮಾನು ಜಾಸ್ತಿಯಾಗಿ ಹಿಂದಿನ ಶಾಕಲ್, ಅಂದರೆ ಬ್ಲೇಡಿನ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ, ಒಳಮುಖವಾಗಿ ವಾಲಿತ್ತು. ಬ್ಲೇಡು ಅದುಮಿದಾಗ ಉದ್ದವಾಗುತ್ತದೆ, ಅದಕ್ಕೆ ಜಾಗ ಕೊಡಲು ಶಾಕಲ್ ಹಿಂದಕ್ಕೆ ತೂಗಬೇಕು. ಈಗ ತೂಗುವ ಹಾಗೆ ನಿಂತಿತು. ಇನ್ನೊಂದು, ನನ್ನ 22,000 ರೂಪಾಯಿಯ ಶಾಕು. ಅದು ಮಾಮೂಲಿ ಎತ್ತರದ ಗಾಡಿಯ ಅಳತೆಯದು. ನಾಲ್ಕು ಇಂಚು ಎತ್ತಿದ ಗಾಡಿಯಲ್ಲಿ ನಿಂತಲ್ಲೇ ಹೆಚ್ಚುಕಮ್ಮಿ ಪೂರ್ತಿ ಚಾಚಿಕೊಂಡಿತ್ತು. ಹಂಪು ಇಳಿಯುವಾಗ ಚಕ್ರ ಕೆಳಗೆ ಬಿದ್ದರೆ "ಠಕ್" ಅನ್ನುತ್ತಿದ್ದದ್ದು ಅದೇ. ಟೇಪ್ ಹಿಡಿದು ನೋಡಿದೆವು. ಈಗ ಚಾಚಲು ಮೂರು ಇಂಚು ಜಾಗ ಸಿಕ್ಕಿತ್ತು.

ಮುಂದೆ ಹೌಸಿಂಗ್ ಕೆಳಗೆ ಎರಡು ಡಿಗ್ರಿಯ ಬೆಣೆ ಕೊಟ್ಟರು. ಎತ್ತರ ಮಾಡಿಸಿದಾಗಿನಿಂದ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಅಲೆಯುತ್ತಿತ್ತು, ಅದು ನಿಂತಿತು.

ಹೊರಡುವ ಮುಂಚೆ ಗಾಳಿ. ನಾನು ಯಾವಾಗಲೂ 36 ಹಾಕಿಸುತ್ತಿದ್ದೆ. ಅಂಗಡಿ ಹುಡುಗ ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಐವತ್ತು ಮೀಟರ್ ನೇರ ಓಡಿಸಿ ಬನ್ನಿ ಅಂದ. ಬಂದು ನೋಡಿದರೆ ಗೆರೆ ನಡುವೆ ಮಾತ್ರ ಅಳಿಸಿತ್ತು, ಎರಡೂ ಅಂಚಿನಲ್ಲಿ ಬೆಳ್ಳಗೆ ಹಾಗೇ ಇತ್ತು. ಅಂದರೆ ಟೈರು ನಡುವೆ ಉಬ್ಬಿ ಓಡುತ್ತಿದೆ. ಎರಡೆರಡು ಇಳಿಸುತ್ತಾ, ಮತ್ತೆ ಗೆರೆ ಎಳೆಯುತ್ತಾ ಬಂದೆವು. 26ಕ್ಕೆ ಗೆರೆ ಸಮನಾಗಿ ಅಳಿಯಿತು. ಇದು ನಮ್ಮ ಗಾಡಿಯ ಖಾಲಿ ತೂಕಕ್ಕೆ, ನಮ್ಮ ಟೈರಿಗೆ ಬಂದ ಲೆಕ್ಕ. ಇನ್ನೊಬ್ಬರ ಗಾಡಿಗೆ ಅವರೇ ಗೆರೆ ಎಳೆದು ನೋಡಬೇಕು. ಮೂಟೆ ಹೇರುವ ದಿನ ನಾನೂ ಗಾಳಿ ಏರಿಸುತ್ತೇನೆ.

"ಐನೂರು ಕಿಲೋಮೀಟರ್ ಆದ್ಮೇಲೆ ಯು ಬೋಲ್ಟ್ ಇನ್ನೊಂದ್ಸಲ ಟೈಟ್ ಮಾಡಿಸ್ಬೇಕು, ಮರೀಬೇಡಿ ಸಾರ್" ಅಂದರು ಮೇಸ್ತ್ರಿ. ಕತ್ತಲಾಗಿತ್ತು. ಮನೆಗೆ ಬರುವಾಗ ಬೇಕಂತಲೇ ಎರಡು ಹಂಪಿನ ಮೇಲೆ ಸ್ವಲ್ಪ ಜೋರಾಗಿ ಹೋದೆ. ಜೀಪು ಒಂದು ಸಲ ಏರಿತು, ಇಳಿಯಿತು, ಸುಮ್ನೆ ನಿಂತಿತು. ಕಾರಿನ ಹಾಗೆ ಅಂತ ಹೇಳಲಾರೆ. ತಿರುವಿನಲ್ಲಿ ಮೈ ವಾಲುತ್ತದೆ, ಮಡ್ ಟೈರಿನ ಗುಂಯ್ ಶಬ್ದ ಹಾಗೇ ಇದೆ. ಈ ಮಳೆಗಾಲದಲ್ಲಿ ಎರಡು ಕಡೆ ಹೌಸಿಂಗ್ ನೆಲಕ್ಕೆ ತಾಗಿತು. ಹಾರೆ ತಗೊಂಡು ದಾರಿಯನ್ನೇ ಸರಿ ಮಾಡಿಕೊಂಡೆವು.

ಫೆಬ್ರವರಿಯಲ್ಲಿ ಮತ್ತೆ ಹಾಸನಕ್ಕೆ ಹೋಗುವ ದಿನ ಬಂತು. "ಒಂದೇ ಒಂದು ಸಲ ಕೂತು ನೋಡಮ್ಮ, ಆಗ್ಲಿಲ್ಲ ಅಂದ್ರೆ ಸಕಲೇಶಪುರದಲ್ಲಿ ಬಸ್ ಹತ್ತಿಸ್ತೀನಿ" ಅಂದೆ. ಅಮ್ಮ ಮಾತಾಡದೆ ಹತ್ತಿ, ಅಭ್ಯಾಸದಂತೆ ಕಂಬಿ ಹಿಡಿದರು. ಬಸ್ ಸ್ಟ್ಯಾಂಡ್ ಬಂದಾಗ ಗಾಡಿ ನಿಧಾನ ಮಾಡಿದೆ. "ಹೋಗು ಹೋಗು" ಅಂದರು. ಪೇಟೆ ದಾಟಿದ ಮೇಲೆ ಚೀಲದಿಂದ ಕನಕಾಂಬರದ ಪೊಟ್ಟಣ, ಬಾಳೆ ನಾರು ತೆಗೆದರು. ಬಾಳ್ಳುಪೇಟೆ ಬರುವಷ್ಟರಲ್ಲಿ ಅವರ ಮಡಿಲಲ್ಲಿ ಅರ್ಧ ಮೊಳ ಹೂವು ಕಟ್ಟಿತ್ತು. ಎರಡೂ ಕೈ ಹೂವಿನಲ್ಲೇ ಇದ್ದವು.