ಅಟಿಕಸ್‌ನನ್ನು ಮೆಚ್ಚಿದವರು ಆ ಇನ್ನೊಂದು ಕಾದಂಬರಿ ಓದಬೇಕೇ?

ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯನ ಪರ ವಾದಿಸುವ ಬಿಳಿಯ ವಕೀಲ ಅಟಿಕಸ್‌ನ ಕಥೆ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿ ಮುಗಿಸಿದವರು ನನ್ನನ್ನು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: "ಹಾರ್ಪರ್ ಲೀ ಅವರ ಇನ್ನೊಂದು ಕಾದಂಬರಿಯಲ್ಲಿ ಅಟಿಕಸ್ ವರ್ಣದ್ವೇಷಿಯಂತೆ. ಓದಬೇಕೇ, ಬಿಡಬೇಕೇ?"

ಓದಿ. ಅಟಿಕಸ್ ಮೇಲಿನ ಪ್ರೀತಿ ಹಸಿಯಾಗಿರುವಾಗಲೇ ಓದಿ.

'ಗೋ ಸೆಟ್ ಎ ವಾಚ್‌ಮನ್' ಪ್ರಕಟವಾದದ್ದು 2015ರ ಜುಲೈನಲ್ಲಿ. ಆದರೆ ಲೀ ಮೊದಲು ಬರೆದದ್ದು ಅದನ್ನೇ. 1957ರಲ್ಲಿ ಪ್ರಕಾಶಕರ ಕೈ ಸೇರಿದ ಆ ಹಸ್ತಪ್ರತಿಯನ್ನು ಓದಿದ ಸಂಪಾದಕಿ ಟೇ ಹೋಹಾಫ್ ಬಾಲ್ಯದ ನೆನಪುಗಳ ಕಡೆಗೆ ಲೇಖಕಿಯನ್ನು ತಿರುಗಿಸಿದರು. ತಿದ್ದಿ ತಿದ್ದಿ ಬರೆದು ಹುಟ್ಟಿದ್ದು 1960ರ ಮಾಕಿಂಗ್‌ಬರ್ಡ್. ಹಾಗಾಗಿ ಇದನ್ನು ಎರಡನೆಯ ಭಾಗವೆಂದು ಓದಲು ಹೊರಟರೆ ಎಡವುತ್ತೀರಿ. ಮಾಕಿಂಗ್‌ಬರ್ಡ್‌ನಲ್ಲಿ ಅಟಿಕಸ್ ಸೋಲುವ ಮೊಕದ್ದಮೆಯನ್ನು ಇಲ್ಲಿ ಅವನು ಗೆದ್ದಿರುತ್ತಾನೆ! ಪ್ರಕಟಣೆಯ ವೇಳೆಗೆ ಲೀ ಅವರಿಗೆ 89 ವರ್ಷ. ಅವರ ವ್ಯವಹಾರಗಳನ್ನೆಲ್ಲ ನೋಡಿಕೊಂಡಿದ್ದ ಅಕ್ಕ ಆಲಿಸ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಇದು ಲೇಖಕಿ ಮನಸಾರೆ ಒಪ್ಪಿ ಆದ ಕೆಲಸವೇ ಎಂಬ ಅನುಮಾನ ಹಲವರಿಗೆ ಬಂತು. ಆ ಕಸಿವಿಸಿ ನನಗೂ ಇದೆ.

ಕಥೆಗೆ ಬರುತ್ತೇನೆ. ಅಟಿಕಸ್‌ನ ಮಗಳು, ಇಪ್ಪತ್ತಾರರ ಜೀನ್ ಲೂಯಿ (ಮಾಕಿಂಗ್‌ಬರ್ಡ್‌ನ ಪುಟ್ಟ ಹುಡುಗಿ ಸ್ಕೌಟ್) ನ್ಯೂಯಾರ್ಕ್‌ನಿಂದ ರೈಲು ಹತ್ತಿ ಅಲಬಾಮದ ಮೇಕೋಂಬ್‌ಗೆ ಬರುತ್ತಾಳೆ. ಅಣ್ಣ ಜೆಮ್ ಸತ್ತಿದ್ದಾನೆ. ಆಡಿ ಬೆಳೆದ ಮನೆ ಇದ್ದ ಜಾಗದಲ್ಲಿ ಐಸ್‌ಕ್ರೀಂ ಅಂಗಡಿ ಬಂದಿದೆ. ಒಂದು ಭಾನುವಾರ, ಅಪ್ಪ ಓದುವ ಕಾಗದಗಳ ನಡುವೆ ಕಪ್ಪುಜನರನ್ನು ಹೀನಾಯವಾಗಿ ಕಾಣುವ ಒಂದು ಕಿರುಹೊತ್ತಿಗೆ ಸಿಗುತ್ತದೆ. ಸತ್ತ ಇಲಿಯ ಬಾಲ ಹಿಡಿದಂತೆ ಅದರ ತುದಿ ಹಿಡಿದು ಸೋದರತ್ತೆಯ ಮುಂದೆ ಒಯ್ಯುತ್ತಾಳೆ. ಅತ್ತೆಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು, ಗೊತ್ತಿಲ್ಲದವಳು ಮಗಳೊಬ್ಬಳೇ.

ಬಿಳಿಯರಿಗೂ ಕಪ್ಪುಜನರಿಗೂ ಬೇರೆ ಬೇರೆ ಶಾಲೆ ಇರುವುದು ಸಂವಿಧಾನಬಾಹಿರವೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಅದನ್ನು ತಡೆಯಲು ದಕ್ಷಿಣದ ಊರೂರುಗಳಲ್ಲಿ ಬಿಳಿಯ ಗಣ್ಯರು ಸಿಟಿಜನ್ಸ್ ಕೌನ್ಸಿಲ್‌ಗಳನ್ನು ಕಟ್ಟಿಕೊಂಡರು. ಅಂಥದೊಂದು ಸಭೆಗೆ ಅಪ್ಪ ಹೋಗಿದ್ದಾನೆಂದು ತಿಳಿದ ಜೀನ್ ಲೂಯಿ ನ್ಯಾಯಾಲಯದ ಬಾಲ್ಕನಿ ಏರಿ ಕೂರುತ್ತಾಳೆ. ಕಪ್ಪುಜನರಿಗೆಂದು ಮೀಸಲಾಗಿದ್ದ ಬಾಲ್ಕನಿ ಅದು; ಚಿಕ್ಕಂದಿನಲ್ಲಿ ಅಪ್ಪನ ವಾದ ಕೇಳಿದ್ದೂ ಅಲ್ಲಿಂದಲೇ. ಮಾಕಿಂಗ್‌ಬರ್ಡ್‌ನಲ್ಲಿ ಅಟಿಕಸ್ ಕೆಳಗೆ ನಡೆದುಹೋಗುವಾಗ ಆ ಬಾಲ್ಕನಿಗೆ ಬಾಲ್ಕನಿಯೇ ಎದ್ದು ನಿಲ್ಲುತ್ತದೆ. ಈಗ ಕೆಳಗೆ ವೇದಿಕೆಯಲ್ಲಿ ಒಬ್ಬ ವಿಷ ಕಾರುತ್ತಿದ್ದಾನೆ. ಅಟಿಕಸ್ ಅದೇ ಮೇಜಿನ ಬಳಿ ಸುಮ್ಮನೆ ಕೂತಿದ್ದಾನೆ. ಆ ಸುಮ್ಮನಿರುವಿಕೆ ನನ್ನನ್ನು ಬೆಚ್ಚಿಬೀಳಿಸಿತು. ಬೈಗುಳಾಡುವ ಅಪ್ಪನನ್ನು ದ್ವೇಷಿಸಿಬಿಡಬಹುದು. ಇವನನ್ನು ಏನು ಮಾಡುವುದು?

ಕೊನೆಯ ಭಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಚಿಕ್ಕಪ್ಪ ಅವಳ ಮುಖಕ್ಕೆ ಹೊಡೆದು ಬುದ್ಧಿ ಹೇಳುತ್ತಾನೆ, ಅವಳು ಅವಸರದಲ್ಲಿ ರಾಜಿಯಾಗುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದು. ಅದನ್ನು ಹಾಗೆ ತಣ್ಣಗೆ ಮಾಡಬೇಕಿರಲಿಲ್ಲ.

ಆದರೂ ಓದಿ ಎನ್ನುವುದು ಕ್ಯಾಲ್‌ಪರ್ನಿಯಾಳ ದೃಶ್ಯಕ್ಕಾಗಿ. ತಾಯಿಯಿಲ್ಲದ ಮಕ್ಕಳನ್ನು ಸಾಕಿದ ಆ ಕಪ್ಪು ಹೆಂಗಸು ಈಗ ಮುದುಕಿ, ತನ್ನವರ ಜೊತೆಗಿದ್ದಾಳೆ. ಅವಳ ಮೊಮ್ಮಗನ ಕಾರಿಗೆ ಒಬ್ಬ ಬಿಳಿಯ ಸಿಕ್ಕಿ ಸತ್ತಿದ್ದಾನೆ. ಅಟಿಕಸ್ ಆ ಮೊಕದ್ದಮೆ ಹಿಡಿಯುತ್ತಾನೆ, ಕಪ್ಪುಜನರ ಸಂಘಟನೆಯ ವಕೀಲರು ಊರಿಗೆ ಕಾಲಿಡದಿರಲೆಂದು. ಜೀನ್ ಲೂಯಿ ನೋಡಲು ಹೋದಾಗ ಕ್ಯಾಲ್‌ಪರ್ನಿಯಾ ಹೊರಗಿನ ಬಿಳಿಯರ ಮುಂದೆ ತೋರುವ ಔಪಚಾರಿಕ ಮರ್ಯಾದೆಯಲ್ಲಿ ಕೂತಿರುತ್ತಾಳೆ. ಎದುರಿಗಿರುವುದು ತಾನು ಎತ್ತಿ ಆಡಿಸಿದ ಮಗು ಎಂಬ ಗುರುತೇ ಆ ಮುಖದಲ್ಲಿಲ್ಲ. ನಮ್ಮನ್ನು ದ್ವೇಷಿಸುತ್ತಿದ್ದೆಯಾ ಎಂದು ಜೀನ್ ಲೂಯಿ ಕೇಳುತ್ತಾಳೆ. ಮುದುಕಿ ಮಾತಾಡುವುದಿಲ್ಲ. ಕಡೆಗೊಮ್ಮೆ, ಇಲ್ಲವೆಂಬಂತೆ ತಲೆಯಾಡಿಸುತ್ತಾಳೆ. ಅದು ನಿಜವೋ, ಮನೆಗೆ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಸೌಜನ್ಯವೋ, ಮತ್ತೆ ಮತ್ತೆ ಓದಿದರೂ ನನಗೆ ಹೇಳಲು ಬಂದಿಲ್ಲ.